ಬರಿತಲೆಯ ರಾಜನನ್ನು ವೇದಿಕೆಗೆ ಬಿಡದ ಅಧ್ಯಕ್ಷರಿಗೆ

ಕನ್ನಡ ಸಂಘದ ಅಧ್ಯಕ್ಷ ಮಹಾಶಯರೇ,

ಹೋದ ಶನಿವಾರ ಡಾಲಸ್‌ನಲ್ಲಿ ನಡೆದ ರಾಜ್ಯೋತ್ಸವ ನಾಟಕದ ಕೊನೆಯ ದೃಶ್ಯವನ್ನು ನೀವು ಕತ್ತರಿಸಿದಿರಿ. ನಾಟಕ ಬರೆದವನೂ ನಾನೇ, ಅದರಲ್ಲಿ ರಾಜನ ಪಾತ್ರ ಮಾಡಿದವನೂ ನಾನೇ. ಬರುವ ಶನಿವಾರ ಹ್ಯೂಸ್ಟನ್‌ನಲ್ಲಿ ಅದೇ ನಾಟಕ ಮತ್ತೆ ನಡೆಯಲಿದೆ. ಆ ದೃಶ್ಯವನ್ನು ವಾಪಸ್ ಕೊಡಿ ಎಂದು ಕೇಳಲು, ಸಂಘದ ಎಲ್ಲ ಸದಸ್ಯರ ಕಣ್ಣಿಗೂ ಬೀಳುವಂತೆ ಇದನ್ನು ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ‘ಸರಿ ಅಂಕಲ್’ ಎಂದು ಇಟ್ಟುಬಿಡುತ್ತೇನೆ. ಹಾಸ್ಟೆಲ್‌ಗಳಲ್ಲಿ ಬೆಳೆದವನು, ಅರ್ಧ ಇಂಗ್ಲಿಷಿನಲ್ಲಿ ಯೋಚಿಸುವವನು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ. ನಾಟಕವನ್ನು ತಿದ್ದಿದಷ್ಟು ಧಾರಾಳವಾಗಿ ಬೇಡ.

ನೋಡದವರಿಗಾಗಿ ಕತೆ ಹೇಳುತ್ತೇನೆ. ಇಂಗ್ಲಿಷರ ಕಾಲ, ಹೊಳೆಕಟ್ಟಿ ಎಂಬ ಪುಟ್ಟ ಸಂಸ್ಥಾನ. ಮೊದಲ ಮಹಾಯುದ್ಧಕ್ಕೆ ಸವಾರರನ್ನು ಕಳಿಸಬೇಕೆಂದು ಅಲ್ಲಿದ್ದ ಅವರ ಪ್ರತಿನಿಧಿ, ಪೊಲಿಟಿಕಲ್ ಏಜೆಂಟ್, ‘ವಿನಂತಿ’ ಮಾಡುತ್ತಾನೆ. ಅಂಥ ವಿನಂತಿಗೆ ಇಲ್ಲವೆಂದವರು ಎಷ್ಟು ದಿನ ರಾಜರಾಗಿ ಉಳಿಯುತ್ತಿದ್ದರು? ಈ ರಾಜ ಸವಾರರನ್ನು ಕಳಿಸಿ ಸುಮ್ಮನಾಗದೆ ತಾನೂ ಹಡಗು ಹತ್ತಿ ಈಗಿನ ಇರಾಕಿನ ಬಸ್ರಾದಲ್ಲಿ ಇಳಿದ. ಅವನಿಗೆ ಕ್ಯಾಪ್ಟನ್ ಎಂಬ ಗೌರವ ಪದವಿ ಕೊಟ್ಟರು. ಬಿಳಿಯ ಸಿಪಾಯಿಯೊಬ್ಬನಿಗೆ ಅಪ್ಪಣೆ ಮಾಡುವ ಅಧಿಕಾರ ಮಾತ್ರ ಕೊಡಲಿಲ್ಲ. ಊಟಕ್ಕೆ ಬೇರೆ ಡೇರೆ. ನಕಾಶೆ ಬಿಚ್ಚಿದಾಗ ಮೇಜಿನ ತುದಿಯಲ್ಲಿ ನಿಲ್ಲಬೇಕು, ಬಾಯಿ ಬಿಡಬಾರದು.

ಆ ಡೇರೆಯ ದೃಶ್ಯವನ್ನೂ ನೀವು ‘ಟೈಮ್ ಸಾಲಲ್ಲ’ ಎಂದು ತೆಗೆದಿರಿ. ಹಡಗು ಹತ್ತುವ ಮೆರವಣಿಗೆಯನ್ನು ಹಿಗ್ಗಿಸಿದಿರಿ. ಡಾಲಸ್ ಪಕ್ಕದ ಅಲೆನ್, ಪ್ಲೇನೋ ಊರುಗಳ ಮಕ್ಕಳೆಲ್ಲ ಕತ್ತಿ ಹಿಡಿದು ನಡೆದರು. ಹಿಂದೆ ಅಮೆರಿಕದ ಬಾವುಟ, ಪಕ್ಕದಲ್ಲಿ ಕೌಸ್ತುಭನ ಆಳೆತ್ತರದ ಫೋಟೋ. ಕೌಸ್ತುಭ್ ಅಲೆನ್‌ನ ದಾಕ್ಷಾಯಣಿ ಆಂಟಿಯ ಒಬ್ಬನೇ ಮಗ, ಅಮೆರಿಕದ ಸೈನ್ಯ ಸೇರಿ ಈ ವಸಂತದಿಂದ ಇರಾಕಿನಲ್ಲಿದ್ದಾನೆ. ಅಂದು ನಮ್ಮ ರಾಜ ಹೋದ ನೆಲಕ್ಕೇ ಇಂದು ನಮ್ಮ ಹುಡುಗ ಎಂದು ನೀವು ಮೈಕಿನಲ್ಲಿ ಸಾರಿದಿರಿ. ಮುಖ್ಯ ಅತಿಥಿ ಎದ್ದು ನಿಂತರು. ಚಪ್ಪಾಳೆಯೋ ಚಪ್ಪಾಳೆ. ಅಲ್ಲಿಗೆ ಪರದೆ.

ಹೋದವರು ಬರುವುದೂ ಉಂಟಲ್ಲವೇ, ಅಧ್ಯಕ್ಷರೇ? ಬಾರದಿರುವುದೂ ಉಂಟಲ್ಲವೇ?

ನನ್ನ ಮುತ್ತಜ್ಜ ಭರಮಪ್ಪ ಆ ಸವಾರರಲ್ಲೊಬ್ಬ. ಅಲ್ಲೇ ಮರುಭೂಮಿಯಲ್ಲಿ ಸತ್ತ. ಅವನ ಮಗಳೇ ನನ್ನ ಅಜ್ಜಿ. ರಜೆಗೆ ಹೋದಾಗಲೆಲ್ಲ ಈ ಕತೆ ಅವಳ ಬಾಯಿಂದ ಕೇಳಿದ್ದೇನೆ. ಯುದ್ಧ ಮುಗಿದು ರಾಜ ಮರಳಿದಾಗ ಏಜೆಂಟ್ ವಿಜಯದ ದರ್ಬಾರು ಇಟ್ಟುಕೊಂಡಿದ್ದ. ರಾಜ ಅತ್ತ ಸುಳಿಯಲಿಲ್ಲ. ಪೇಟ ತೆಗೆದಿಟ್ಟು, ಜೋಡು ಬಿಟ್ಟು, ಸತ್ತ ಸವಾರರ ಮನೆಮನೆಗೆ ನಡೆದು ಹೋದ. ಆಗ ನಮ್ಮ ಕಡೆ ಗಂಡಸು ಬರಿತಲೆಯಲ್ಲಿ ಬೀದಿಗೆ ಬರುತ್ತಿದ್ದದ್ದು ಹೆತ್ತವರು ಸತ್ತಾಗ ಮಾತ್ರ. ರಾಜನ ನೆತ್ತಿಯನ್ನು ಊರು ನೋಡಿದ್ದು ಅಂದೇ ಮೊದಲು. ನಮ್ಮ ಹೊಸ್ತಿಲ ಹೊರಗೆ ನಿಂತು, ‘ತಾಯಿ, ಕರಕೊಂಡ ಹೋದಾಂವ ನಾನು. ತಿರುಗಿ ಕರಕೊಂಡ ಬರ್ಲಿಲ್ಲ’ ಎಂದನಂತೆ. ಮುತ್ತಜ್ಜಿ ಅಳಲಿಲ್ಲ. ‘ಸಾಯೂಮುಂದ ಅವರಿಗೆ ನೀರು ಸಿಕ್ತೇನ್ರಿ?’ ಎಂದು ಕೇಳಿದಳು. ಹೌದೆಂದುಬಿಟ್ಟಿದ್ದರೆ ಯಾರು ಕೇಳುತ್ತಿದ್ದರು? ‘ಗೊತ್ತಿಲ್ಲ, ತಾಯಿ’ ಎಂದು ರಾಜ ಅಲ್ಲೇ ನೆಲದ ಮೇಲೆ ಕೂತ. ನೀವು ಕತ್ತರಿಸಿದ ಕೊನೆಯ ದೃಶ್ಯ ಇದೇ.

ಅವನು ಸಂತನೇನಲ್ಲ. ಭರಮಪ್ಪನ ಇಷ್ಟ ಕೇಳಿ ಅವನನ್ನು ಕರೆದೊಯ್ದಿರಲಿಲ್ಲ. ಆದರೂ ಆ ಬಾಗಿಲಿಗೆ ಬಂದದ್ದಕ್ಕೆ ಬೆಲೆ ತೆತ್ತ. ದರ್ಬಾರು ತಪ್ಪಿಸಿದವನ ತಲೆ ಸರಿಯಿಲ್ಲವೆಂದು ಏಜೆಂಟ್ ಮೇಲಿನವರಿಗೆ ಬರೆದ. ಆಡಳಿತ ದಿವಾನನ ಕೈ ಸೇರಿತು. ರಾಜ ತನ್ನದೇ ಅರಮನೆಯಲ್ಲಿ ಕೊನೆಯವರೆಗೂ ನೆಂಟನಂತೆ ಬದುಕಿದ.

ಪ್ರದರ್ಶನದ ದಿನ ಬೆಳಿಗ್ಗೆ ನೀವು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಿರಿ: ‘ಪೇಟ ತೆಗೆದ್ರೆ ಅವನು ರಾಜ ಅಂತ ಯಾರಿಗಯ್ಯಾ ಗೊತ್ತಾಗತ್ತೆ? ಅಮೆರಿಕನ್ ಗೆಸ್ಟ್‌ಗಳು ಬಂದಿರ್ತಾರೆ, ಸಾವು-ಗೀವು ಬೇಡ. ನಾವು ಎಷ್ಟು ಲಾಯಲ್ ಅಂತ ತೋರಿಸಿದ್ರೆ ಸಾಕು.’

ಲಾಯಲ್! ಏಜೆಂಟ್ ಸಾಹೇಬನಿಗೂ ಬಹಳ ಪ್ರಿಯವಾಗಿದ್ದ ಮಾತು. ರಾಜನ ನೆತ್ತಿಯ ಮೇಲೆ ಒಂದು ಸಾಮ್ರಾಜ್ಯವಾದರೂ ಕೂತಿತ್ತು. ನಿಮ್ಮ ಮೇಲೆ ಯಾರು ಕೂತಿದ್ದಾರೆ? ನಿಮ್ಮ ಗ್ರೀನ್ ಕಾರ್ಡ್ ಹಳೆಯದಾಯಿತು. ವೀಸಾದ ಹೆದರಿಕೆ ಇರಬೇಕಾದದ್ದು ನನಗೆ. ಇದೆ ಕೂಡ, ಈ ಸಾಲು ಬರೆಯುವಾಗಲೂ ಇದೆ.

ದೃಶ್ಯ ಹೋದದ್ದನ್ನು ಆಂಟಿಗೆ ಯಾರೂ ಹೇಳಿರಲಿಲ್ಲ. ನನಗೆ ಪೇಟ ಸುತ್ತಿದವರು ಅವರೇ. ಕೊನೆಗೆ ಸುಲಭವಾಗಿ ತೆಗೆಯಲು ಬರಲಿ ಎಂದು ಸಡಿಲವಾಗಿ ಸುತ್ತಿದ್ದರು. ನಿಮ್ಮ ಚಪ್ಪಾಳೆ ಮುಗಿಯುವವರೆಗೂ ಅದು ಬೀಳದಂತೆ ಕತ್ತು ಬಿಗಿಹಿಡಿದು ನಿಂತಿದ್ದೆ. ಆಮೇಲೆ ಹುಡುಕಿದರೆ ಆಂಟಿ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ ಒಬ್ಬರೇ ಕೂತಿದ್ದರು. ಕೌಸ್ತುಭನ ಫೋನ್ ಬಂದು ವಾರಗಳಾಗಿವೆಯಂತೆ. ಸಂಘದಿಂದ ಫೋನ್ ಬಂದದ್ದು ಒಮ್ಮೆ, ಅವನ ಫೋಟೋ ಕೇಳಲು.

‘ಎಲ್ರೂ ಕಂಗ್ರಾಟ್ಸ್ ಅಂತ ಕೈ ಕುಲುಕಿದ್ರು ಕಣೋ’ ಎಂದರು. ‘ನಾನು ಬಂದಿದ್ದು ಆ ಸೀನ್‌ಗೋಸ್ಕರ. ಕಳಿಸ್ದೋರು ಯಾರಾದ್ರೂ ಒಬ್ರು ಬಂದು ಬಾಗಿಲಲ್ಲಿ ನಿಲ್ಲೋದನ್ನ ನೋಡ್ಬೇಕಿತ್ತು. ನಾಟಕದಲ್ಲಾದ್ರೂ.’

 ಆಂಟಿಗೆ ನೀವೇನು ಹೇಳುತ್ತೀರಿ, ಅಧ್ಯಕ್ಷರೇ?

ಹ್ಯೂಸ್ಟನ್‌ನಲ್ಲಿ ಆ ದೃಶ್ಯ ಇರಬೇಕು. ಇರದಿದ್ದರೆ ಕೌಸ್ತುಭನ ಫೋಟೋ ಇಳಿಸಿ; ತಾಯಿಯ ಪ್ರಶ್ನೆಗೆ ಜಾಗವಿಲ್ಲದ ವೇದಿಕೆಯ ಮೇಲೆ ಮಗನ ಮುಖಕ್ಕೇನು ಕೆಲಸ? ಎರಡೂ ಆಗದಿದ್ದರೆ ರಾಜನ ಪಾತ್ರವನ್ನು ನೀವೇ ಮಾಡಿ, ಪೇಟ ಬಿಗಿಯಾಗಿಯೇ ಸುತ್ತಿಸಿಕೊಳ್ಳಿ. ದಾಕ್ಷಾಯಣಿ ಆಂಟಿ ಹ್ಯೂಸ್ಟನ್‌ಗೂ ಬರುತ್ತಾರೆ, ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರ ಎದುರು ಬಂದು ನಿಲ್ಲುವವರು ಯಾರೆಂದು ಶುಕ್ರವಾರದೊಳಗೆ ತಿಳಿಸಿ.

ಇಂತಿ,
ಡಾಲಸ್‌ನ ಅಷ್ಟೂ ಚಪ್ಪಾಳೆಯನ್ನು ಸುಮ್ಮನೆ ತೆಗೆದುಕೊಂಡ ರಾಜ,
ವೆಂಕಟೇಶ್
ಮೊದಲ ವರ್ಷದ ವಿದ್ಯಾರ್ಥಿ, ಆಸ್ಟಿನ್
ನವೆಂಬರ್ ೨೦೦೩