ಸಾಹೇಬರು ಕೇಳಿದ ಆರಂಕಿ

ನಮ್ಮ ದೋಣಿಗಳಿಗೆ ನಂಬರು ಬರೆಸುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ವಾಟ್ಸಾಪ್ ಖಾತೆಯನ್ನು ಕಳ್ಳರು ಹೊತ್ತೊಯ್ದರು. ನೀವು ಅದನ್ನು ಮುಚ್ಚಿಟ್ಟಿರಿ. ಅದರ ಫಲವಾಗಿ ಬೆಳಂಬಾರದ ನನ್ನ ಗಂಡ ಕಿಶೋರ ಈಗ ಫೋನ್ ಇಲ್ಲದೆ ಸಮುದ್ರಕ್ಕೆ ಹೋಗುತ್ತಿದ್ದಾರೆ. ದೂರು ಇಷ್ಟೇ. ನಿಮಗೆ ಪೂರ್ತಿ ಓದಲು ಪುರುಸೊತ್ತು ಇರುವುದಿಲ್ಲವೆಂದು ಮೊದಲೇ ಹೇಳಿಬಿಟ್ಟೆ. ಉಳಿದದ್ದನ್ನು ಊರಿನವರು ಓದಲಿ.

ಗಾಳಿ-ಮಳೆಯ ಎಚ್ಚರಿಕೆ ಕೊಡಲೆಂದು ನೀವೇ ಗ್ರೂಪು ಮಾಡಿದಿರಿ. ಸೇರದವರಿಗೆ ದೋಣಿಯ ಎಂಜಿನ್ನಿಗೆ ಕೊಡುವ ರಿಯಾಯಿತಿ ಸೀಮೆಎಣ್ಣೆ ಇಲ್ಲ ಎಂದು ನೀವೇ ಹೆದರಿಸಿದಿರಿ. ಸೇರಿದೆವು. ಆಮೇಲೆ ಅದರಲ್ಲಿ ಎಚ್ಚರಿಕೆಗಿಂತ ಹೆಚ್ಚು ಬಂದದ್ದು ನಿಮ್ಮ ಅಪ್ಪಣೆ. ಆಧಾರ್ ನಂಬರು ಕಳಿಸಿ, ಪಾಸ್‌ಬುಕ್ ನಂಬರು ಕಳಿಸಿ, ಎಂಜಿನ್ ನಂಬರು ಕಳಿಸಿ, ಕಳಿಸಿದ್ದು ಸಿಗುತ್ತಿಲ್ಲ, ಮತ್ತೆ ಕಳಿಸಿ! "ಇದೆಲ್ಲ ಎಂತಕ್ಕೆ ಸಾಯ್ಬ್ರೇ?" ಎಂದು ಒಮ್ಮೆ ಕೇಳಿದ ನನ್ನ ಮಾವ ದುರ್ಗಪ್ಪನವರಿಗೆ ನೀವು ಎಲ್ಲರೆದುರು ಕೊಟ್ಟ ಉತ್ತರ ನೆನಪಿದೆಯೇ? "ಕೇಳಿದಷ್ಟು ಕೊಡು, ತಲೆಹರಟೆ ಮಾಡಬೇಡ." ನಿಮ್ಮ ಅರ್ಧ ವಯಸ್ಸಿನವರಿಗೂ ಹಾಗೆ ಹೇಳಬಾರದು, ನೀವು ಎಪ್ಪತ್ತು ದಾಟಿದವರಿಗೆ ಹೇಳಿದಿರಿ. ಅಂದಿನಿಂದ ನಮ್ಮ ದಡದಲ್ಲಿ ಯಾರೂ ನಿಮ್ಮನ್ನು ಯಾಕೆ ಎಂದು ಕೇಳಿಲ್ಲ. ಕಳ್ಳನಿಗೆ ಇದಕ್ಕಿಂತ ಹದ ಮಾಡಿಟ್ಟ ಗದ್ದೆ ಬೇರೆಲ್ಲಿ ಸಿಕ್ಕೀತು?

ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದ ವಾರ ನನ್ನ ಗಂಡನಿಗೆ ಸಂದೇಶ ಬಂತು. ನಿಮ್ಮದೇ ನಂಬರು, ನಿಮ್ಮದೇ ಫೋಟೋ, ಅದೇ ದರ್ಪ: "ಸೀಮೆಎಣ್ಣೆ ಪಟ್ಟಿ ತಯಾರಾಗುತ್ತಿದೆ. ನಿಮ್ಮ ಫೋನಿಗೆ ಬಂದ ಆರು ಅಂಕಿ ಕೂಡಲೇ ಕಳಿಸಿ." ಬಲೆ ಬಿಡಿಸುತ್ತ ಕೂತವರು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಕಳಿಸಿಯೇ ಬಿಟ್ಟರು. ಸಾಹೇಬರು ಕೇಳಿದ ಇಷ್ಟೊಂದು ನಂಬರುಗಳಲ್ಲಿ ಇದೂ ಒಂದು ಎಂದುಕೊಂಡರು. ಅದು ತಮ್ಮ ಖಾತೆಯ ಬೀಗದ ಕೀಲಿಕೈ ಎಂದು ಅವರಿಗೆ ಹೇಳಿದವರಾದರೂ ಯಾರು? ಅವರ ವಾಟ್ಸಾಪ್ ಬಂದ್ ಆಯಿತು. ಸಂಜೆಯೊಳಗೆ ಅವರ ಹೆಸರಿನಲ್ಲಿ ನೆಂಟರಿಗೆಲ್ಲ "ಆಸ್ಪತ್ರೆಯಲ್ಲಿದ್ದೇನೆ, ದುಡ್ಡು ಕಳಿಸಿ" ಎಂದು ಹೋಯಿತು. ಅಮದಳ್ಳಿಯ ಸುಬ್ಬಿ ಅತ್ತೆ ಮೀನು ಮಾರಿ ಕೂಡಿಟ್ಟದ್ದನ್ನು ಕಳಿಸಿದರು. ಮರುದಿನ ಮೂಸಂಬಿ ಹಿಡಿದು ರೋಗಿಯನ್ನು ನೋಡಲು ಬಂದರೆ, ರೋಗಿ ದೋಣಿ ತೊಳೆಯುತ್ತಿದ್ದಾರೆ!

"ಇಡೀ ರಾತ್ರಿ ಅತ್ಕಂಡೇ ಇದ್ದೆ ನಾನು. ನೀ ಇಲ್ಲಿ ದೋಣಿ ತೊಳೀತೆ ಇದ್ದಿಯೇನೋ?" ಎಂದು ಅತ್ತೆ ದಡದಲ್ಲೇ ಬೊಬ್ಬೆ ಹೊಡೆದರು. ಅಂದೇ ಊರಿನ ಹುಡುಗರು ನನ್ನ ಗಂಡನಿಗೆ 'ಆರಂಕಿ ಕಿಶೋರ' ಎಂದು ನಾಮಕರಣ ಮಾಡಿದರು.

ನಾನು ಅಂಕೋಲೆಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವರ ಫೋನಿಗೆ ಹೊಸ ಆರಂಕಿ ತರಿಸಿ ಖಾತೆಯನ್ನು ವಾಪಸ್ ಪಡೆದೆ. ಮತ್ತೊಬ್ಬ ಕಳ್ಳ ಬಂದರೂ ತೆರೆಯಲಾಗದಂತೆ ಎರಡನೇ ಬೀಗವಾಗಿ ಪಿನ್ ಹಾಕಿದೆ. ಆಮೇಲೆ ಕಾರವಾರಕ್ಕೆ, ನಿಮ್ಮ ಕಚೇರಿಗೆ ಬಂದೆ. ದೂರು ಕೊಟ್ಟರೆ ನಿಮ್ಮ ಸಿಬ್ಬಂದಿ, "ಹೊಸ ಪಿನ್ ಎಷ್ಟು? ಅದನ್ನೂ ಅರ್ಜಿಯಲ್ಲಿ ಬರೀರಿ" ಎಂದರು. ಭಲೇ! ಕಳ್ಳನಾದರೂ ಸುಳ್ಳು ಹೇಳಿ ಕೇಳಿದ್ದ. ನೀವು ಮೊಹರು ಒತ್ತಿ ಕೇಳುತ್ತೀರಿ.

ಗಲಾಟೆ ಕೇಳಿ ತಾವು ಹೊರಗೆ ಬಂದಿರಿ. ನಗುತ್ತಲೇ ಹೇಳಿದಿರಿ: "ಅಯ್ಯೋ, ನನ್ನದೂ ಹೋಗಿತ್ತಮ್ಮ. ಮೇಲಧಿಕಾರಿ ಹೆಸರಲ್ಲಿ ಯಾರೋ ಕೇಳಿದ್ರು, ಕೊಟ್ಬಿಟ್ಟೆ. ಎರಡೇ ದಿನದಲ್ಲಿ ಸರಿ ಮಾಡಿಸ್ಕೊಂಡೆ."

"ಹಾಗಾದರೆ ಗ್ರೂಪಿನಲ್ಲಿ ಯಾಕೆ ಹೇಳಲಿಲ್ಲ ಸರ್?"

"ಹೇಗೆ ಹೇಳೋದಮ್ಮ? ನನಗೊಂದು ಮರ್ಯಾದೆ ಇಲ್ವಾ?"

ಇದೆ ಸ್ವಾಮೀ, ನಿಮಗೆ ಮರ್ಯಾದೆ ಇದೆ. ಅದನ್ನು ಕಾಯಲು ನಮ್ಮದನ್ನು ಒತ್ತೆ ಇಟ್ಟಿರಿ. 'ನನ್ನ ಹೆಸರಲ್ಲಿ ಬಂದದ್ದನ್ನು ನಂಬಬೇಡಿ' ಎಂದು ಬೇರೊಬ್ಬರ ಫೋನಿನಿಂದ ಒಂದು ಮಾತು ಹೇಳಿಸಿದ್ದರೆ ಸಾಕಿತ್ತು. ಅದು ಬಿಟ್ಟು, ಎಲ್ಲ ಮುಗಿದ ಮೇಲೆ ಕೈಮುಗಿದು ನಿಂತ ನಿಮ್ಮ ಫೋಟೋ ಹಾಕಿ, 'ಮುಗ್ಧ ಮೀನುಗಾರರೇ, ಯಾರಿಗೂ ಒಟಿಪಿ ಕೊಡಬೇಡಿ' ಎಂದು ಬ್ಯಾನರ್ ಕಟ್ಟಿಸಿದಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಅಲ್ಲ, ಮುಗ್ಧರು ನಾವಾದರೆ, ಅದೇ ಆರಂಕಿಯನ್ನು ನಮಗಿಂತ ಮೊದಲು ಕೊಟ್ಟವರನ್ನು ಏನೆಂದು ಕರೆಯೋಣ?

ನನ್ನ ಗಂಡ ಈಗ ಫೋನ್ ಮುಟ್ಟುವುದಿಲ್ಲ. "ಆ ಶನಿ ನಂಗೆ ಬ್ಯಾಡ. ಅದ್ರಲ್ಲಿ ಬರುದು ಯಾವ್ದು ಸಾಯ್ಬ್ರದ್ದು, ಯಾವ್ದು ಕಳ್ಳಂದು, ನಂಗೆ ಹ್ಯಾಂಗೆ ಗೊತ್ತಾಗ್ಬೇಕು?" ಎನ್ನುತ್ತಾರೆ. ಸಾಹೇಬರೂ ಕೊಟ್ಟಿದ್ದರಂತೆ ಎಂದರೆ ನಂಬುವುದಿಲ್ಲ. "ಸುಮ್ನೆ ನನ್ ಸಮಾಧಾನಕ್ಕೆ ಹೇಳ್ಬೇಡ ಮಾರಾಯ್ತಿ. ಅಷ್ಟು ಓದ್ದವ್ರು ಕೊಡ್ತ್ರಾ? ಪೆದ್ದ ನಾನೊಬ್ನೇ." ಹೀಗೆ ಹೇಳುವಾಗ ಅವರ ಮುಖ ನೋಡಲಾಗುವುದಿಲ್ಲ.

ಮೊನ್ನೆ ಮಧ್ಯಾಹ್ನ ನಿಮ್ಮ ಗ್ರೂಪಿನಲ್ಲಿ ಎಚ್ಚರಿಕೆ ಬಂತು: ಗಾಳಿ ಏಳಲಿದೆ, ದೋಣಿಗಳು ಕೂಡಲೇ ಮರಳಬೇಕು. ಅಪರೂಪಕ್ಕೆ ಅದು ನಿಜವಾಗಿಯೂ ನಿಮ್ಮದೇ ಆಗಿತ್ತು. ಫೋನ್ ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲಿತ್ತು, ಗಂಡ ನೀರಿನ ಮೇಲಿದ್ದರು. ದಡಕ್ಕೆ ಓಡಿ ಸೀರೆಯ ಸೆರಗು ಬೀಸಿದೆ. ಅಷ್ಟು ದೂರಕ್ಕೆ ಯಾರಿಗೆ ಕಾಣುತ್ತದೆ? ಉಳಿದ ದೋಣಿಗಳೆಲ್ಲ ಬಂದ ಮೇಲೆ, ಅಲೆ ತಲೆ ಮೇಲೆ ಏಳುವಾಗ ಅವರದು ಬಂತು. ದೇವರು ದೊಡ್ಡವನು, ನಿಮ್ಮ ಹಾಗಲ್ಲ.

ನನಗೆ ಪರಿಹಾರ ಬೇಡ. ಇನ್ನೊಂದು ಬ್ಯಾನರಂತೂ ಬೇಡವೇ ಬೇಡ. ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ಒಂದು ದಿನ ಬೆಳಂಬಾರಕ್ಕೆ ಬನ್ನಿ. ಎಲ್ಲರೆದುರು, ನನ್ನ ಗಂಡನ ಮುಖ ನೋಡಿ, "ಕಿಶೋರ, ನಾನೂ ಕೊಟ್ಟಿದ್ದೆ" ಎಂದು ಹೇಳಿ. ಅದನ್ನು ನಾನು ಹೇಳಿದರೆ ಅವರು ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾರೆ. ನೀವು ಹೇಳಿದ್ದನ್ನೆಲ್ಲ ನಂಬಿಯೇ ತಾನೇ ಈ ಗತಿ ಬಂದದ್ದು?

ಬೇಗ ಬನ್ನಿ. ಇವತ್ತು ಬೆಳಿಗ್ಗೆಯೂ ಅವರು ಫೋನ್ ಬಿಟ್ಟೇ ಹೋಗಿದ್ದಾರೆ.

ಇಂತಿ,
ಅಕ್ಕಿ ಡಬ್ಬಿಯ ಮೇಲಿನ ಫೋನ್ ಕಾಯುತ್ತಿರುವ,
ಆರಂಕಿ ಕಿಶೋರನ ಹೆಂಡತಿ ಪ್ರಗತಿ
ಬೆಳಂಬಾರ