ಅಣ್ಣನ ಮೊಣಕೈ ಹಿಂದಿನ ನೆರಳು

೧೪ ಮಾರ್ಚ್, ಭಾನುವಾರ

ಇನ್ನೂರಾರು ಮೂಳೆಗಳ ಏಕಚಕ್ರಾಧಿಪತಿಯೂ, ಟೂತ್‌ಪೇಸ್ಟನ್ನು ನಡುವಿನಿಂದಲೇ ಹಿಂಡುವ ಮಹಾವೀರನೂ ಆದ ಶ್ರೀಮಾನ್ ಅಣ್ಣನ ದಿವ್ಯಸನ್ನಿಧಿಗೆ, ಕಿರಿಯ ಕೋತಿಯ ಸಾಷ್ಟಾಂಗ ನಮಸ್ಕಾರಗಳು.

ಎರಡು ತಿಂಗಳಿಂದ ಕಾಗದ ಬರೆದಿಲ್ಲ, ಹೊಟ್ಟೆಗೆ ಹಾಕಿಕೋ. ಅಮ್ಮನ ಬೀರುವಿನಿಂದ ಕಾಣೆಯಾದ ನಿನ್ನ ಬಲ ಮೊಣಕೈಯ ಹಳೇ ಎಕ್ಸ್‌ರೇ ಇದೆಯಲ್ಲ, ಅದರ ಕಳ್ಳಿ ನಾನೇ. ಆ ಕಥೆ ಹೇಳಲೆಂದೇ ಈ ಕಾಗದ. ಅರ್ಧಕ್ಕೇ ಹರಿದು ಹಾಕಬೇಡ.

ಇಲ್ಲಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ನಮಗೆಲ್ಲ ಮುರಿತ ಗುರುತಿಸುವ ತರಬೇತಿ. ಅಪಘಾತದಲ್ಲಿ ಪೆಟ್ಟಾದವರ ಫಿಲಂ ಅನ್ನು ಡಾಕ್ಟರಿಗಿಂತ ಮೊದಲು ನೋಡುವವರು ನಾವು. ಅನುಮಾನ ಬಂದರೆ ಮೂಲೆಗೊಂದು ಕೆಂಪು ಚುಕ್ಕೆ ಅಂಟಿಸಬೇಕು. ಪರೀಕ್ಷೆ ಪಾಸಾದವರಿಗೆ ಮಾತ್ರ ಆ ಅಧಿಕಾರ. ನಾನು ಅವಸರಪಟ್ಟು ಆಫೀಸಿನ ಮುರುಕು ಕುರ್ಚಿಗೊಂದು ಅಂಟಿಸಿ ಬೈಸಿಕೊಂಡೆ.

ಕಲಿಸುವವರಿಗೆ ನಾವಿಟ್ಟ ಹೆಸರು ಹದ್ದು ಮೇಡಂ. ಅಣ್ಣಾ, ಅವರು ನೋಡುವುದನ್ನು ನೀನು ನೋಡಬೇಕು! ಕೈ ಹಿಂದೆ ಕಟ್ಟಿಕೊಂಡು ಬೆಳಕಿನ ಪೆಟ್ಟಿಗೆಯ ಮುಂದೆ ನಿಂತು, ಮೂಳೆಯ ಅಂಚಿನಗುಂಟ ಕಣ್ಣನ್ನು ಇರುವೆಯ ಹಾಗೆ ನಡೆಸುತ್ತಾರೆ. ಒಂದು ಮುರಿತ ಸಿಕ್ಕಿತೆಂದು ನಾವು ಕುಣಿದರೆ, "ಒಂದು ಸಿಕ್ತು ಅಂತ ಕಣ್ಣು ಮುಚ್ಚಿ ಮಲಗಿಬಿಟ್ರಾ? ಎರಡನೇದನ್ನ ಯಾರು ಹುಡುಕ್ತಾರೆ, ನಿಮ್ಮ ತಾತಾನಾ?" ಅನ್ನುತ್ತಾರೆ.

ಅಂಥವರನ್ನು ಒಮ್ಮೆ ಬೇಸ್ತು ಬೀಳಿಸಬೇಕೆಂದು ನನಗೆ ಆಸೆ. ಪರೀಕ್ಷೆಗೆ ಇಟ್ಟಿದ್ದ ಐವತ್ತು ಫಿಲಂಗಳ ಕೊನೆಗೆ, ಹೆಸರು ಮುಚ್ಚಿ, ನಿನ್ನದನ್ನೂ ತೂರಿಸಿದೆ. ನೀನು ಸ್ಟೂಲಿನಿಂದ ಬಿದ್ದ ದಿನ ಡಾಕ್ಟರೇ "ಏನೂ ಮುರಿದಿಲ್ಲ" ಅಂದಿದ್ದರಲ್ಲ. ಮೇಡಂ ಅದರಲ್ಲೂ ಮುರಿತ ತೋರಿಸಿದರೆ ಹೊಟ್ಟೆ ಹುಣ್ಣಾಗುವಷ್ಟು ನಗಬಹುದು ಅಂತ. ನನ್ನ ಉತ್ತರಪತ್ರಿಕೆಯಲ್ಲಿ ಐವತ್ತೊಂದನೆಯದಕ್ಕೆ "ಸರಿಯಾಗಿದೆ" ಎಂದು ದುಂಡಗೆ ಬರೆದೆ.

ಆಮೇಲೆ ಮೇಡಂ ಒಂದೊಂದನ್ನೇ ಬಿಡಿಸುತ್ತ ನಿನ್ನದಕ್ಕೆ ಬಂದರು. "ಇದು ನಾನಿಟ್ಟಿದ್ದಲ್ಲ" ಅಂದು ಪೆಟ್ಟಿಗೆಯ ಹತ್ತಿರಕ್ಕೆ ಬಾಗಿದರು. ಪೆನ್ಸಿಲಿನ ತುದಿ ಮೂಳೆಯ ಮೇಲೆ ಹೋಗಲಿಲ್ಲ, ಅದರ ಹಿಂದೆ ಹೋಯಿತು. ಅಲ್ಲೊಂದು ಕಪ್ಪು ನೆರಳು, ಕತ್ತರಿಸಿ ಬಿಸಾಕಿದ ಉಗುರಿನಷ್ಟು.

"ಇದು ಇಲ್ಲಿ ಕಾಣಲೇಬಾರದು. ಕೀಲೊಳಗೆ ರಕ್ತ ತುಂಬಿ ಅಲ್ಲಿನ ಕೊಬ್ಬನ್ನ ಹಿಂದಕ್ಕೆ ನೂಕಿದೆ, ಅದೇ ಈ ಕಪ್ಪು. ಬಿರುಕು ಕಣ್ಣಿಗೆ ಬೀಳದೇ ಇರಬಹುದು, ಆದ್ರೆ ಒಳಗಿದೆ. ಮಗೂ ಕೈ ಕಣ್ರೀ ಇದು. ಎಷ್ಟು ನೋವು ತಿಂತೋ ಪಾಪ. ಯಾರಾದ್ರೂ ನಂಬಿದ್ರೋ ಇಲ್ವೋ."

ನಿನ್ನ ಮುಖವನ್ನೇ ಕಾಣದ ಹೆಂಗಸು, ಉಗುರಿನಷ್ಟು ಕತ್ತಲೆಯಲ್ಲಿ ಹದಿಮೂರು ವರ್ಷದ ಹಿಂದಿನ ನಿನ್ನ ಅಳುವನ್ನು ಕಂಡರು. ಒಂದೇ ಮನೆಯಲ್ಲಿದ್ದ ನಮಗೆ ಕಾಣಲಿಲ್ಲ. "ಲೆಕ್ಕದ ಪರೀಕ್ಷೆ ತಪ್ಪಿಸಿಕೊಳ್ಳೋಕೆ ನಾಟಕ ಆಡ್ತಾನೆ" ಎಂದು ಅಪ್ಪ ಮೂರನೇ ದಿನವೇ ಕಟ್ಟು ಬಿಚ್ಚಿಸಿ ಸ್ಕೂಲಿಗೆ ಅಟ್ಟಿದರು. ಬಯಲಿನ ಈ ತುದಿಯಿಂದ ಆ ತುದಿಗೆ ಚೆಂಡೆಸೆಯುತ್ತಿದ್ದ ಕೈ ಇವತ್ತಿಗೂ ನೆಟ್ಟಗೆ ಚಾಚುವುದಿಲ್ಲ.

ಫಿಲಂ ನಿನ್ನದೆಂದು ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ. "ಮುಂದಿನ ಬ್ಯಾಚಿಗೆ ಮೊದಲು ಇದನ್ನೇ ತೋರಿಸ್ತೀನಿ. ನಿಮ್ಮಣ್ಣನ್ನ ಕೇಳು, ಕೊಡ್ತಾರಾ ಅಂತ" ಅಂದರು. ಕೊಡಲಾ? ನೀನು ಹೂಂ ಅಂದರೆ ಮಾತ್ರ.

ಅಂದಹಾಗೆ ನಾನು ಪಾಸು. ಐವತ್ತೊಂದಕ್ಕೆ ಐವತ್ತು ಸರಿ. ತಪ್ಪಿದ್ದು ನಿನ್ನದೊಂದೇ.

ಹಿರಿಯನಾದ ನಿನಗೆ ಕಿರಿಯಳ ಆಶೀರ್ವಾದ: ಭುಜದಿಂದ ಬೆರಳ ತುದಿಯವರೆಗೆ ನೂರು ವರ್ಷ ಬಾಳು.

ಇಂತಿ,
ಅಧಿಕೃತ ಕೆಂಪುಚುಕ್ಕೆಧಾರಿಣಿ,
ನಿನ್ನ ಕೋತಿ

ಲಕೋಟೆ ಅಂಟಿಸುವ ಮುಂಚೆ: "ನಾಟಕ" ಅಂತ ಅಪ್ಪನ ಕಿವಿಯಲ್ಲಿ ಮೊದಲು ಊದಿದ್ದು ನಾನು. ಅವತ್ತು ಸ್ಟೂಲಿನ ಮೇಲೆ ನಿನ್ನ ಕಾಲು ಜಾರಲಿಲ್ಲ. ತಮಾಷೆಗೆಂದು ನಾನು ಸ್ಟೂಲು ಎಳೆದೆ. ನಿನಗೆ ಗೊತ್ತಿತ್ತು ಅಲ್ವಾ? ಆದರೂ ನೀನು ಅಮ್ಮನಿಗೆ "ನಾನೇ ಜಾರಿದೆ" ಅಂದೆ. ಆಮೇಲಿನಿಂದ ನೀನು ಎಡಗೈಯಲ್ಲಿ ತಲೆ ಬಾಚಿಕೊಳ್ಳುವಾಗಲೆಲ್ಲ ನಾನು ಗೋಡೆ ನೋಡುತ್ತಿದ್ದೆ.