ಎಮ್ಮೆಯ ಕಿವಿಗೆ ಇಯರ್‌ಫೋನ್

12 ಜನವರಿ 2004, ಸೋಮವಾರ. ಬೀದರ

ಆತ್ಮಸಾಕ್ಷಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದೇನೆ. ಇಂದು ಸ್ಟಾಫ್‌ರೂಮಿನ ಗೋಡೆ ಗಡಿಯಾರದಿಂದ ಒಂದು ಪೆನ್ಸಿಲ್ ಸೆಲ್ ಕದ್ದೆ. ಗಡಿಯಾರ ಹನ್ನೊಂದು ನಲವತ್ತಕ್ಕೆ ನಿಂತಿತು. ಸಹೋದ್ಯೋಗಿಗಳು ಮೊದಲೇ ನಿಂತಿದ್ದರು — ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ.

ಸೆಲ್ ಈಗ ನನ್ನ ಹೊಸ ಎಂಪಿತ್ರೀ ಪ್ಲೇಯರಿನ ಹೊಟ್ಟೆಯಲ್ಲಿದೆ. ಇತಿಹಾಸದ ಶರಫೋದ್ದೀನ ಸಾಹೇಬರ ಬಳಿ ಅವರ ತಮ್ಮ ದುಬೈಯಿಂದ ತಂದ ಐಪಾಡ್.

"ಜಗತ್ತೆಲ್ಲಾ ಇದನ್ನ ತಗೋತದ್ರಿ ಮಾಣಿಕ ಸರ. ನಿಮ್ದೇನ್ರಿ, ಸಿಗರೇಟ್ ಲೈಟರ್ ಇದ್ದಂಗ ಅದ."

"ನಮ್ಮೂರ ಸಂತಪುರದಾಗ ಕರೆಂಟ್ ಸಿಗಲ್ರಿ, ಸೆಲ್ ಸಿಗ್ತಾವ. ಮ್ಯಾಲ ಇದರಾಗ ರೆಕಾರ್ಡಿಂಗೂ ಆಗ್ತದ."

ಐಪಾಡು ಅವರದು, ಪಾಡು ನನ್ನದು. ಆದರೂ ಸೋಲಲಿಲ್ಲ.

17 ಜನವರಿ, ಶನಿವಾರ. ಸಂತಪುರ

ಪಕ್ಕದ ಮನೆಯ ಸಖುಬಾಯಿ ಕಾಕುವಿನ ಚಹಾದಲ್ಲಿ ಹಾಲಿಲ್ಲ. ಮಳೆಯಿಲ್ಲದ ವರ್ಷ, ಅರ್ಧ ಓಣಿ ಕೂಲಿಗೆಂದು ಹೈದರಾಬಾದಿನ ಕಟ್ಟಡಗಳ ಮೇಲಿದೆ. ಕಾಕುವಿನ ಮಗ, ಸೊಸೆ ಜಿಜಾಬಾಯಿಯೂ ಹೋದರು. ಹಾಲು ಕರೆಯುತ್ತಿದ್ದವಳು ಅವಳೇ.

"ಅಕಿ 'ಹೋ ಬಾ ಚಂದ್ರೀ' ಅಂತ ಹಾಡಿದ್ರನ ಎಮ್ಮಿ ತೊರಿ ಬಿಟ್ಟು ಹಾಲ ಕೊಡ್ತದಪಾ. ನನ್ನ ದನಿಗಿ ಒದೀತದ. ಮುಂದಿನ ಸಂತಿಗಿ ಭಾಲ್ಕಿಗಿ ಹೊಡಕೊಂಡು ಹೋಗಿ ಮಾರ್ತೇನಿ." ಹೀಗೆ ಹೇಳುತ್ತ ಅದರ ಬೆನ್ನು ಸವರುತ್ತಿದ್ದರು.

ಈ ಪ್ಲೇಯರನ್ನೇ ಆರಿಸಿದ್ದು ಯಾಕೆಂದು ಈಗ ತಿಳಿಯಿತು…

25 ಜನವರಿ, ಭಾನುವಾರ. ಸಂತಪುರ

ನಿನ್ನೆ ಹೈದರಾಬಾದ್. ಜಿಜಾಬಾಯಿ ಸಿಮೆಂಟಿನ ಕೈ ಒರೆಸಿಕೊಂಡು ಮೊದಲು ಎಮ್ಮೆಯನ್ನು, ಆಮೇಲೆ ಅತ್ತೆಯನ್ನು ವಿಚಾರಿಸಿದಳು. ಪ್ಲೇಯರಿನ ಮುಂದೆ ಮೂರು ಸಲ ಹಾಡಿದಳು.

ಇಂದು ಎಮ್ಮೆಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಬಟ್ಟೆ ಕಟ್ಟಿದೆ. ಕಿವಿ ಅಲುಗಿತು. ತಿರುಗಿ ನನ್ನನ್ನೇ ನೋಡಿತು. ಆಮೇಲೆ ಕಾಕುವಿನ ತಂಬಿಗೆಯಲ್ಲಿ ಸರ್, ಸರ್… ಕಾಲೇಜಿನಲ್ಲಿ ಯಾರೂ ಇಷ್ಟು ಭಕ್ತಿಯಿಂದ ನನ್ನನ್ನು ಹಾಗೆ ಕರೆದಿಲ್ಲ.

ಕಾಕು ಗುರುತಿಗೆಂದು ಒತ್ತುವ ಗುಂಡಿಗೆ ಕುಂಕುಮ ಹಚ್ಚಿಟ್ಟರು. ಬಾಯಿಮಾತಿಗೆ "ನೀನೂ ಕೇಳು" ಎಂದೆ. "ಎಮ್ಮಿ ಕಿವ್ಯಾಗಿಂದು ನನಗ್ಯಾಕಪಾ."

23 ಫೆಬ್ರವರಿ, ಸೋಮವಾರ. ಬೀದರ

ಎಮ್ಮೆ ಉಳಿಯಿತು. ಕಾಕು ಖೋವಾ ಕಳಿಸಿದ್ದಾರೆ. ಸ್ಟಾಫ್‌ರೂಮಿನಲ್ಲಿ ಹಂಚಿ, ಎದೆಯುಬ್ಬಿಸಿ ಹೇಳಿದೆ: "ಜಿಜಾಬಾಯಿ ಬಾಜೂಕ ನಿಂತು ಹಾಡಿದಂಗ ಬಂದದ್ರಿ ರೆಕಾರ್ಡಿಂಗ್. ನಿಮ್ಮ ಐಪಾಡಿಗಿ ಯಾವ ಎಮ್ಮಿ ಹಾಲ ಕೊಟ್ಟದ್ರಿ ಸಾಹೇಬ್ರ?"

ಶರಫೋದ್ದೀನರು ಎದ್ದು ಗಡಿಯಾರಕ್ಕೆ ಹೊಸ ಸೆಲ್ ಹಾಕಿದರು. ಇನ್ನೊಂದನ್ನು ನನ್ನ ಜೇಬಿಗಿಟ್ಟರು. "ಇದು ಎಮ್ಮಿಗ್ರಿ." ಎಲ್ಲ ಗೊತ್ತಿತ್ತು ಪುಣ್ಯಾತ್ಮರಿಗೆ.

21 ಮಾರ್ಚ್, ಯುಗಾದಿ. ಸಂತಪುರ

ಜಿಜಾಬಾಯಿ ಹಬ್ಬಕ್ಕೆ ಬಂದಳು. ನೇರ ಕೊಟ್ಟಿಗೆಗೆ. ಎಮ್ಮೆಯ ಕಿವಿಯಿಂದ ಇಯರ್‌ಫೋನ್ ತೆಗೆದು ತನ್ನ ಕಿವಿಗಿಟ್ಟುಕೊಂಡಳು. ನಾನು ಬರೀ ಬೇವು ತಿಂದವನಂತೆ ನಿಂತೆ. ಕೇಳಿದಳು. ನನ್ನನ್ನು ನೋಡಿದಳು. ಮತ್ತೆ ಕೇಳಿದಳು.

ಒಳಗಿನಿಂದ ಕಾಕು: "ನಿನ್ನ ದನಿ ಹ್ಯಾಂಗ ಬಂದದ?"

"ಛಲೋ ಬಂದದ್ರಿ ಅತ್ತಿ." ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಆ ತಾಯಿಗೆ ಸಾವಿರ ಶರಣು. ಈ ದಿನಚರಿಗೂ ಹೇಳಿರಲಿಲ್ಲ — ಅಂದು ಹೈದರಾಬಾದಿನಿಂದ ವಾಪಸು ಬರುವ ಬಸ್ಸಿನಲ್ಲಿ ಕೇಳಿದರೆ ಅವಳ ದನಿಯೇ ಇಲ್ಲ, ಏನೂ ಇಲ್ಲ. ಯಾವ ಗುಂಡಿ ಒತ್ತಿದ್ದೆನೋ. ಸರಿಯಾದ ಗುಂಡಿ ತಿಳಿದಾಗ ಜಹೀರಾಬಾದ್ ಬಂದಿತ್ತು. ಹಾಗಾಗಿ ಬಸ್‌ಸ್ಟ್ಯಾಂಡಿನ ಹಿಂದೆ, ಗೋಡೆಗೆ ಮುಖ ಮಾಡಿ, ಹೆಂಗಸರ ದನಿ ತೆಗೆದು, ಮೂರು ಸಲ, ನಾನೇ "ಹೋ ಬಾ ಚಂದ್ರೀ" ಎಂದು ಹಾಡಿ ರೆಕಾರ್ಡ್ ಮಾಡಿಕೊಂಡೆ.